ಪದಚರ್ಚೆ: ಜೀನ್ ‘ಅಭಿವ್ಯಕ್ತಿ’ಗೆ ಬೇರೆ ಮಾತು ಸಿಗಬಹುದೇ?

ಗೆಳೆಯರೆ, ನಮಸ್ಕಾರ.

ಒಂದು ಪದಕ್ಕಾಗಿ ಎರಡು ವಾರದಿಂದ ತಡಕಾಡುತ್ತಿದ್ದೇನೆ. ಇಂಗ್ಲಿಷಿನಲ್ಲಿ ‘ಜೀನ್ ಎಕ್ಸ್‌ಪ್ರೆಶನ್’ ಅನ್ನುತ್ತಾರಲ್ಲ, ಅದಕ್ಕೆ. ಕನ್ನಡದಲ್ಲಿ ‘ಜೀನ್ ಅಭಿವ್ಯಕ್ತಿ’, ‘ವಂಶವಾಹಿ ಅಭಿವ್ಯಕ್ತಿ’ ಎಂದು ಬರೆಯುವುದು ರೂಢಿ. ನಾನೂ ಹಾಗೇ ಬರೆದೆ. ಅದು ನನಗೆ ಎಲ್ಲಿ ಕೈಕೊಟ್ಟಿತು ಅಂತ ಹೇಳುತ್ತೇನೆ.

ನನ್ನ ಅಕ್ಕನ ಮಗಳಿಗೆ ಅಕ್ಯೂಟ್ ಇಂಟರ್ಮಿಟೆಂಟ್ ಪಾರ್ಫೈರಿಯ ಎಂಬ ಅಪರೂಪದ ಕಾಯಿಲೆ ಇದೆ. ಕಳೆದ ವರ್ಷ ಗೊತ್ತಾಯಿತು. ಅದಕ್ಕೆ ಮುಂಚೆ ಮೂರು ವರ್ಷ ಆಗಾಗ ಬರುವ ಹೊಟ್ಟೆನೋವು. ಕೂರಲೂ ಆಗದ, ಮಲಗಲೂ ಆಗದ ನೋವು. ಸ್ಕ್ಯಾನ್ ಮಾಡಿದರೆ ಏನೂ ಕಾಣುತ್ತಿರಲಿಲ್ಲ. ಒಂದು ಕಡೆ ಗ್ಯಾಸ್ ಅಂದರು, ಇನ್ನೊಂದು ಕಡೆ ಮನಸ್ಸಿನದು ಅಂದರು. ಕೊನೆಗೆ ಗುಟ್ಟು ಬಿಟ್ಟುಕೊಟ್ಟದ್ದು ಮೂತ್ರದ ಸೀಸೆ. ಬೆಳಿಗ್ಗೆ ಹಿಡಿದಿಟ್ಟಾಗ ಮಾಮೂಲಿ ಬಣ್ಣವೇ ಇತ್ತು. ಯಾರೋ ಮರೆತು ಕಿಟಕಿಯ ಹತ್ತಿರ ಬಿಸಿಲಿಗೆ ಬಿಟ್ಟಿದ್ದರು. ಮಧ್ಯಾಹ್ನಕ್ಕೆ ಅದು ಪುನರ್ಪುಳಿ ಶರಬತ್ತಿನ ಹಾಗೆ ಕೆಂಪಗಾಗಿತ್ತು. ಸಂಜೆಗೆ ಇನ್ನೂ ಗಾಢ. ಅದನ್ನು ಕಂಡ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರ್ ಪಾರ್ಫೈರಿಯದ ಪರೀಕ್ಷೆ ಬರೆದುಕೊಟ್ಟರು. ಪಾರ್ಫೈರಿಯ ಅನ್ನುವ ಹೆಸರು ಬಂದಿರುವುದೂ ನೇರಳೆ ಬಣ್ಣದ ಗ್ರೀಕ್ ಮಾತಿನಿಂದಲೇ.

ಮನೆಯವರಿಗೆ ಅರ್ಥವಾಗಲಿ ಅಂತ ನಾನು ಎರಡು ಪುಟದ ಟಿಪ್ಪಣಿ ಬರೆದುಕೊಟ್ಟೆ. ಅಕ್ಕ ಓದಿದಳು. ಎರಡು ಸಲ ಓದಿದಳು. ಆಮೇಲೆ ಕೇಳಿದಳು: ‘ಮೊದಲನೇ ಪುಟದಲ್ಲಿ ಜೀನ್ ಸರಿಯಾಗಿ ಕೆಲಸ ಮಾಡಲ್ಲ ಅಂತ ಬರೆದಿದ್ದೀಯ. ಎರಡನೇ ಪುಟದಲ್ಲಿ ಜೀನ್ ಅಭಿವ್ಯಕ್ತಿ ಹೆಚ್ಚಾಗುತ್ತೆ ಅಂತಿದೆ. ಕೆಟ್ಟಿದೆಯೋ, ಜೋರಾಗಿದೆಯೋ? ಅಭಿವ್ಯಕ್ತಿ ಅಂದ್ರೆ ಏನು, ಯಾರು ಏನನ್ನ ಹೇಳ್ತಾ ಇದ್ದಾರೆ?’

ತಪ್ಪು ಅವಳದ್ದಲ್ಲ. ಅಭಿವ್ಯಕ್ತಿ ಅಂದ ಕೂಡಲೇ ನಮ್ಮ ಮನಸ್ಸಿಗೆ ಬರುವುದು ಅಭಿವ್ಯಕ್ತಿ ಸ್ವಾತಂತ್ರ್ಯ, ಕವಿಯ ಅಭಿವ್ಯಕ್ತಿ, ನಟನ ಮುಖದ ಭಾವ. ಒಳಗಿದ್ದದ್ದನ್ನು ಹೊರಗೆ ತೋರುವುದು. ಜೀನ್ ಏನನ್ನೂ ತೋರುವುದಿಲ್ಲ. ಅದು ಅಲ್ಲೇ ಇರುತ್ತದೆ. ಜೀವಕೋಶ ಅದನ್ನು ಓದುತ್ತದೆ, ನಕಲು ತೆಗೆಯುತ್ತದೆ, ಆ ನಕಲನ್ನು ನೋಡಿಕೊಂಡು ಪ್ರೋಟೀನ್ ಕಟ್ಟುತ್ತದೆ. ಕೆಲಸವೆಲ್ಲ ಕೋಶದ್ದು.

ಅಕ್ಕನ ಪ್ರಶ್ನೆಗೆ ಉತ್ತರ: ಎರಡೂ ನಿಜ, ಆದರೆ ಜೀನ್‌ಗಳು ಬೇರೆ ಬೇರೆ. ಮೈಯಲ್ಲಿ ಹೀಮ್ ಎಂಬ ವಸ್ತು ತಯಾರಾಗಬೇಕಾದರೆ ಎಂಟು ಹಂತ ದಾಟಬೇಕು, ಹಂತಕ್ಕೊಂದು ಕಿಣ್ವ. ತೋಟದಲ್ಲಿ ಎಂಟು ಜನ ಸಾಲಾಗಿ ನಿಂತು ತೆಂಗಿನಕಾಯಿ ಕೈಯಿಂದ ಕೈಗೆ ದಾಟಿಸುವುದನ್ನು ನೆನೆಯಿರಿ. ಈ ಕಾಯಿಲೆಯಲ್ಲಿ ಮೂರನೆಯವನ ಶಕ್ತಿ ಹುಟ್ಟಿನಿಂದಲೇ ಅರ್ಧ. ಅವನ ಜೀನ್ ಎಚ್‌ಎಂಬಿಎಸ್. ತಾಯಿಯಿಂದ ಒಂದು, ತಂದೆಯಿಂದ ಒಂದು ಬಂದ ಎರಡು ಪ್ರತಿಗಳಲ್ಲಿ ಒಂದು ಕೆಟ್ಟಿರುತ್ತದೆ. ಸುಮ್ನೆ ನಿಧಾನವಾಗಿ ಕಾಯಿ ಬರುತ್ತಿದ್ದರೆ ಅವನು ಹೇಗೋ ನಿಭಾಯಿಸುತ್ತಾನೆ. ತೊಂದರೆ ಶುರುವಾಗುವುದು ಮೊದಲನೆಯವನು ರಭಸ ಹೆಚ್ಚಿಸಿದಾಗ. ಮೊದಲನೆಯ ಕಿಣ್ವದ ಜೀನ್ ಎಎಲ್‌ಎಎಸ್-1. ಅದರಲ್ಲಿ ದೋಷವೇನೂ ಇಲ್ಲ. ಈಲಿಯ, ಅಂದರೆ ಲಿವರ್‌ನ, ಕೋಶಗಳು ಅದನ್ನು ಮತ್ತೆ ಮತ್ತೆ ಓದತೊಡಗುತ್ತವೆ. ಮೂರನೆಯವನ ಮುಂದೆ ಕಾಯಿ ಗುಡ್ಡೆ ಬೀಳುತ್ತದೆ. ಆ ಗುಡ್ಡೆಯೇ ಎಎಲ್‌ಎ, ಪಿಬಿಜಿ ಎಂಬ ಎರಡು ವಸ್ತು. ನರಗಳಿಗೆ ಪೆಟ್ಟು ಬೀಳುವುದು, ಹೊಟ್ಟೆ ಹಿಂಡುವುದು ಆಗ. ಬಿಸಿಲಲ್ಲಿ ಬಣ್ಣ ತಿರುಗುವುದು ಈ ಪಿಬಿಜಿ.

ಅದಕ್ಕೇ ನನಗೆ ತೋಚಿದ್ದು ‘ಓದಿಕೆ’. ‘ಈಲಿಯಲ್ಲಿ ಎಎಲ್‌ಎಎಸ್-1 ಜೀನ್‌ನ ಓದಿಕೆ ಏರುತ್ತದೆ’ ಎಂದರೆ ಅಕ್ಕನಿಗೆ ತಕ್ಷಣ ತಿಳಿಯಿತು. ಮೈಯ ಎಲ್ಲ ಕೋಶಗಳಲ್ಲೂ ಇರುವುದು ಒಂದೇ ಪುಸ್ತಕ, ಈಲಿ ಒಂದು ಪುಟವನ್ನು ಜಾಸ್ತಿ ಓದುತ್ತದೆ, ಮೆದುಳು ಇನ್ನೊಂದನ್ನು ಓದುತ್ತದೆ ಎಂದು ಹೇಳಲೂ ಸಲೀಸು. ಕೆಲವರು ‘ಜೀನ್ ಚಟುವಟಿಕೆ’ ಅನ್ನುತ್ತಾರೆ. ಅದು ಕೆಟ್ಟದ್ದಲ್ಲ, ಪತ್ರಿಕೆಗೆ ಸಾಕು. ಆದರೆ ಚಟುವಟಿಕೆ ಅಂದಾಗ ಜೀನ್‌ನದೋ ಕಿಣ್ವದ್ದೋ ಅನ್ನುವುದು ಮಸುಕಾಗುತ್ತದೆ. ಇಲ್ಲಿ ಒಂದು ಕಿಣ್ವದ ಚಟುವಟಿಕೆ ಅರ್ಧ, ಇನ್ನೊಂದು ಜೀನ್‌ನ ಓದಿಕೆ ಜೋರು. ಎರಡಕ್ಕೂ ಒಂದೇ ಮಾತು ಹಾಕಿದರೆ ಅಕ್ಕ ಸಿಕ್ಕಿಕೊಂಡ ಜಾಗದಲ್ಲೇ ಓದುಗರೂ ಸಿಕ್ಕಿಕೊಳ್ಳುತ್ತಾರೆ.

ಒಂದು ಅನುಮಾನವಿದೆ. ನಮ್ಮ ಕಡೆ ಮದುವೆಯಲ್ಲಿ ಮುಯ್ಯಿ ‘ಓದಿಸುವುದು’ ಅಂತಾರೆ, ಉಡುಗೊರೆ ಕೊಡುವುದಕ್ಕೆ. ‘ಜೀನ್ ಓದಿಸುವುದು’ ಅಂದರೆ ಹಿರಿಯರ ಕಿವಿಗೆ ಬೇರೆ ಕೇಳಬಹುದು. ಹಾಗಾಗಿ ‘ಓದಿಕೆ’ ಎಂಬ ನಾಮಪದದಲ್ಲೇ ನಿಲ್ಲುವುದು ಒಳ್ಳೆಯದು ಅನ್ನಿಸುತ್ತದೆ.

ಇನ್ನು ಲಿವರ್. ಇದರ ಬಗ್ಗೆ ನನಗೆ ನಿಜವಾಗಿ ಸಂಕಟವಿದೆ. ಶಾಲೆಯ ಪುಸ್ತಕದ ‘ಪಿತ್ತಜನಕಾಂಗ’ವನ್ನೇ ನಾನು ಮೊದಲು ಬರೆದಿದ್ದೆ. ನಮ್ಮಲ್ಲಿ ಪಿತ್ತ ಅಂದರೆ ಏನರ್ಥ ಹೇಳಿ. ತಲೆ ಸುತ್ತು, ವಾಕರಿಕೆ, ಹುಳಿತೇಗು. ‘ಪಿತ್ತ ಕೆರಳಿದೆ’ ಅಂದುಕೊಂಡ ಅಕ್ಕ, ಮುಂದಿನ ಸಲ ಹೊಟ್ಟೆ ತೊಳಸಿದಾಗ ಮಗಳಿಗೆ ಒಂದು ಇಡೀ ದಿನ ಗಂಜಿಯ ತಿಳಿ ಬಿಟ್ಟು ಬೇರೇನೂ ಕೊಡಲಿಲ್ಲ. ಲಂಘನಂ ಪರಮೌಷಧಂ ಅಂತ ನಮ್ಮಜ್ಜಿ ಕಲಿಸಿದ್ದು. ಈ ಕಾಯಿಲೆಯಲ್ಲಿ ಅದೇ ತಿರುಗುಬಾಣ. ಹೊಟ್ಟೆ ಖಾಲಿ ಬಿದ್ದರೆ ಈಲಿಯಲ್ಲಿ ಪಿಜಿಸಿ-1 ಆಲ್ಫಾ ಎಂಬ ಪ್ರೋಟೀನ್ ಏರುತ್ತದೆ, ಅದು ಎಎಲ್‌ಎಎಸ್-1ರ ಓದಿಕೆಯನ್ನು ಏರಿಸುತ್ತದೆ. ಆಸ್ಪತ್ರೆಯಲ್ಲಿ ಮೊದಲು ಗ್ಲೂಕೋಸ್ ಏರಿಸುವುದು ಆ ಓದಿಕೆಯನ್ನು ತಗ್ಗಿಸಲಿಕ್ಕೇ. ಆ ರಾತ್ರಿ ಮತ್ತೆ ಆಸ್ಪತ್ರೆಗೆ ಓಡಿದೆವು. ನಾನು ಬರೆದ ಪದದಿಂದಲೇ ಹೀಗಾಯಿತು ಅಂತ ಅಕ್ಕ ಹೇಳಲಿಲ್ಲ. ನನಗೆ ಮಾತ್ರ ಮರೆಯಲು ಆಗಿಲ್ಲ.

ಹೀಗಾಗಿ ‘ಈಲಿ’ ಎಂದು ಬರೆಯುತ್ತಿದ್ದೇನೆ, ಮೊದಲ ಸಲ ‘ಈಲಿ, ಅಂದರೆ ಲಿವರ್’ ಎಂದು. ‘ಯಕೃತ್ತು’ ಬಾಯಲ್ಲಿ ನಿಲ್ಲುವುದಿಲ್ಲ. ಮಾಂಸದ ಅಂಗಡಿಯ ‘ಕಲೀಜ’ ಎಲ್ಲರಿಗೂ ಗೊತ್ತು, ಆದರೆ ಮಗಳ ಕಾಯಿಲೆ ಹೇಳುವಾಗ ಹೇಗೆ ಬಳಸುವುದು?

‘ರಕ್ತದಲ್ಲೇ ಬಂದಿದೆ’ ಎಂಬ ನಮ್ಮ ಮಾತೂ ಇಲ್ಲಿ ಎಡವಿಸುತ್ತದೆ. ಹೀಮ್ ಅಂದರೆ ರಕ್ತದ ಕೆಂಪು, ಆದ್ದರಿಂದ ರಕ್ತದ ಕಾಯಿಲೆ ಅಂತ ಜನ ತಿಳಿಯುತ್ತಾರೆ. ಮೈಯ ಹೀಮಿನಲ್ಲಿ ನೂರಕ್ಕೆ ಸುಮಾರು 80 ಪಾಲು ತಯಾರಾಗುವುದು ಮೂಳೆಯ ಮಜ್ಜೆಯಲ್ಲಿ, ನಿಜ. ಅಲ್ಲಿ ಮೊದಲ ಹಂತಕ್ಕೆ ಬೇರೆಯದೇ ಜೀನ್ ಇದೆ, ಎಎಲ್‌ಎಎಸ್-2. ಈ ಕಾಯಿಲೆಯ ಗಲಾಟೆ ಅಲ್ಲಿಯದಲ್ಲ. ಈಲಿ ಬದಲಿಸಿಕೊಂಡ ರೋಗಿಗಳಿಗೆ ನೋವಿನ ಸರದಿ ನಿಂತಿದೆ. ಅವರಿಂದ ತೆಗೆದ ಈಲಿಯನ್ನು ಬೇರೆ ದಾರಿಯಿಲ್ಲದ ಇನ್ನೊಬ್ಬರಿಗೆ ಕೂರಿಸಿದಾಗ, ಅವರಿಗೆ ಈ ನೋವು ಶುರುವಾದದ್ದೂ ಇದೆ. ಇದಕ್ಕಿಂತ ಸಾಕ್ಷಿ ಬೇಕಾ?

‘ವಂಶಪಾರಂಪರ್ಯ ಕಾಯಿಲೆ’ ಎಂಬುದೂ ಪೂರ್ತಿ ಸರಿಯಲ್ಲ. ಸ್ವೀಡನ್ನಿನ ಉತ್ತರದಲ್ಲಿ ಆರ್ಯೆಪ್ಲೋಗ್ ಎಂಬ ಊರಿನ ಸುತ್ತ ಎಷ್ಟೋ ಮನೆತನಗಳಲ್ಲಿ ಇದು ಹರಿದು ಬಂದಿದೆ. ಯಾನ್ ವಾಲ್ಡೆನ್‌ಸ್ಟ್ರೋಮ್ ಎಂಬ ವೈದ್ಯರು 1937ರಲ್ಲಿ ಇದನ್ನು ವಿವರವಾಗಿ ಬರೆದರು. ದೋಷ ಹೊತ್ತವರಲ್ಲಿ ಬಹಳ ಜನಕ್ಕೆ ಜನ್ಮವಿಡೀ ಒಂದು ಸಲವೂ ನೋವು ಬರುವುದಿಲ್ಲ. ವಂಶದಲ್ಲಿ ಬರುವುದು ದೋಷ. ನೋವು ಬರಬೇಕಾದರೆ ಉಪವಾಸ, ಮುಟ್ಟಿನ ಹಾರ್ಮೋನು, ಕುಡಿತ, ಬಾರ್ಬಿಟ್ಯುರೇಟ್‌ನಂಥ ಕೆಲವು ಔಷಧಿ, ಹೀಗೆ ಏನಾದರೂ ಬಂದು ಆ ಓದಿಕೆಯನ್ನು ಕೆಣಕಬೇಕು. ಅಕ್ಕನ ಚಿಕ್ಕ ಮಗನಿಗೂ ದೋಷವಿದೆ, ಕಾಯಿಲೆಯಿಲ್ಲ. ಅವನ ವಿಷಯದಲ್ಲಿ ‘ದೋಷ ಹೊತ್ತವನು’ ಎಂದು ಬರೆದಿದ್ದೇನೆ, ‘ರೋಗಿ’ ಎಂದಲ್ಲ.

ಕೊನೆಯದು ‘ಜೀನ್ ಸೈಲೆನ್ಸಿಂಗ್’. 2019ರ ನವೆಂಬರ್‌ನಲ್ಲಿ ಅಮೆರಿಕದಲ್ಲಿ ಈ ಕಾಯಿಲೆಗೆ ಆ ಬಗೆಯ ಗಿವೋಸಿರಾನ್ ಎಂಬ ಔಷಧಿಗೆ ಒಪ್ಪಿಗೆ ಸಿಕ್ಕಿತು. ತಿಂಗಳಿಗೊಮ್ಮೆ ಚರ್ಮದ ಕೆಳಗೆ ಚುಚ್ಚುವುದು. ಅದಕ್ಕೆ ಅಂಟಿಸಿರುವ ಒಂದು ಬಗೆಯ ಸಕ್ಕರೆ ಅದನ್ನು ನೇರ ಈಲಿಗೆ ಒಯ್ಯುತ್ತದೆ. ‘ಜೀನ್ ಮೌನಗೊಳಿಸುವಿಕೆ’ ಎಂದು ಅನುವಾದಿಸುವುದು ಸುಲಭ. ಆದರೆ ಈ ಔಷಧಿ ಜೀನ್ ಹತ್ತಿರ ಹೋಗುವುದೇ ಇಲ್ಲ. ಎಎಲ್‌ಎಎಸ್-1ರಿಂದ ತೆಗೆದ ನಕಲುಗಳನ್ನು, ಅವು ಪ್ರೋಟೀನ್ ಆಗುವ ಮುಂಚೆಯೇ, ಕತ್ತರಿಸಿ ಹಾಕುವಂತೆ ಮಾಡುತ್ತದೆ. ನಾನು ‘ನಕಲು ಹರಿಯುವ ಔಷಧಿ’ ಎಂದು ಬರೆದೆ. ಆದರೆ ‘ಹರಿಯುವ’ ಅಂದರೆ ನೀರು ಹರಿದ ಹಾಗೂ ಆಗುತ್ತದೆ, ಅಲ್ವಾ? ‘ನಕಲು ಕಡಿಯುವ’ ಅನ್ನಲೇ?

ಅಕ್ಕನಿಗೆ ಕೊಡುವ ಹಾಳೆಯಲ್ಲಿ ಈಗ ಹೀಗಿದೆ: ‘ಮೂರನೇ ಕಿಣ್ವದ ಬಲ ಅರ್ಧ. ಅದು ಹುಟ್ಟಿನಿಂದ ಬಂದದ್ದು, ಬದಲಾಗದು. ಈಲಿಯಲ್ಲಿ ಮೊದಲನೇ ಕಿಣ್ವದ ಜೀನ್‌ನ ಓದಿಕೆ ಏರಿದಾಗ ನೋವು ಬರುತ್ತದೆ. ಊಟ ಬಿಡಬೇಡಿ. ಯಾವ ಮಾತ್ರೆಯನ್ನೂ ಡಾಕ್ಟರನ್ನು ಕೇಳದೆ ನುಂಗಬೇಡಿ.’

‘ಓದಿಕೆ’ ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ? ಉತ್ತರ ಕರ್ನಾಟಕದವರು, ಕರಾವಳಿಯವರು ಮನೆಮಾತಿನಲ್ಲಿ ಲಿವರ್‌ಗೆ ಏನನ್ನುತ್ತೀರಿ, ‘ಈಲಿ’ ನಿಮ್ಮಲ್ಲಿ ಇನ್ನೂ ಬಳಕೆಯಲ್ಲಿದೆಯೇ? ಬೇಗ ತಿಳಿಸಿದರೆ ಉಪಕಾರ. ಹಾಳೆಯನ್ನು ಅಕ್ಕ ಅಡಿಗೆಮನೆಯ ಗೋಡೆಗೆ ಅಂಟಿಸುವವಳಿದ್ದಾಳೆ.