ಮಾತ್ರೆ ಮರೆತರೆ ಮುಂದೇನು? ಗರ್ಭನಿರೋಧಕಗಳ ಬಗ್ಗೆ ಫಾರ್ಮಸಿಸ್ಟ್ ಉತ್ತರ

ಪ್ರಶ್ನೆ (ಹೊಸನಗರ): ಮೇಡಂ, ನಾನು ಮಾಲಾ-ಡಿ ತಗೊಳ್ತಿದೀನಿ. ನಟ್ಟಿಗೆ ಅಂತ ತವರಿಗೆ ಹೋದಾಗ ಸ್ಟ್ರಿಪ್ ಇಲ್ಲೇ ಬಿಟ್ಟುಹೋಗಿ ಹತ್ತನೇ, ಹನ್ನೊಂದನೇ ಮಾತ್ರೆ ಎರಡೂ ತಪ್ಪಿದವು. ಇವತ್ತು ಹನ್ನೆರಡನೇದು. ಇದರ ಜೊತೆ ಗದ್ದೆಗೆ ಇಳಿಯೋರಿಗೆ ಅಂತ ಇಲಿಜ್ವರ ಬಾರದ ಹಾಗೆ ವಾರಕ್ಕೊಂದ್ಸಲ ಡಾಕ್ಸಿಸೈಕ್ಲಿನ್ ಕೊಟ್ಟಿದಾರೆ. ಆಂಟಿಬಯೋಟಿಕ್ ತಗೊಂಡ್ರೆ ಮಾಲಾ ಕೆಲಸ ಮಾಡಲ್ಲ ಅಂತಾರಲ್ಲ, ಹೌದಾ?

ಉತ್ತರ: ಮೊದಲು ಇವತ್ತಿನ ಕೆಲಸ. ತಪ್ಪಿದ ಎರಡರಲ್ಲಿ ಒಂದನ್ನು ಈಗಲೇ ನುಂಗಿ. ಹನ್ನೆರಡನೆಯದನ್ನು ರಾತ್ರಿ ಎಂದಿನ ಹೊತ್ತಿಗೆ ತಗೊಳ್ಳಿ. ಒಂದೇ ದಿನ ಎರಡಾದರೆ ಸ್ವಲ್ಪ ಹೊಟ್ಟೆ ತೊಳಸಬಹುದು, ಅಷ್ಟೇ. ಉಳಿದ ಇನ್ನೊಂದನ್ನು ಕಿತ್ತು ಎಸೆಯಿರಿ, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ. ಮುಂದಿನ ಏಳು ದಿನ ನಿರೋಧ್ ಬಳಸಲೇಬೇಕು.

ಸ್ಟ್ರಿಪ್ ಕೈಲಿ ಹಿಡಿದು ನೋಡಿ. 21 ಬಿಳಿ, 7 ಕಂದು. ಗರ್ಭ ತಡೆಯುವ ಹಾರ್ಮೋನ್ ಇರುವುದು ಬಿಳಿಯದರಲ್ಲಿ ಮಾತ್ರ, ಕಂದು ಬರೀ ಕಬ್ಬಿಣಾಂಶ. ಅಂದರೆ ಆ ಏಳು ದಿನ ಅಂಡಾಶಯದ ಮೇಲೆ ಹಿಡಿತ ಸಡಿಲವಾಗಿರುತ್ತದೆ. ಅದಕ್ಕೇ ಯಾವ ವಾರ ತಪ್ಪಿತು ಅನ್ನುವುದು ಎಷ್ಟು ತಪ್ಪಿತು ಅನ್ನುವಷ್ಟೇ ಮುಖ್ಯ. ನಿಮ್ಮದು ನಡುವಿನ ವಾರ, ಹಿಂದಿನ ಒಂಬತ್ತೂ ಸರಿಯಾಗಿ ಹೋಗಿವೆ, ಹಾಗಾಗಿ ತುರ್ತು ಮಾತ್ರೆ (ಸಂಪರ್ಕವಾದ ಮೇಲೆ ತಗೊಳ್ಳುವ "72 ಗಂಟೆ ಮಾತ್ರೆ") ಬೇಡ. ಇದೇ ಎರಡು ಮಾತ್ರೆ ಮೊದಲ ವಾರದಲ್ಲಿ ತಪ್ಪಿದ್ದರೆ ಹಾರ್ಮೋನ್ ಇಲ್ಲದ ಏಳು ದಿನ ಒಂಬತ್ತಾಗುತ್ತಿತ್ತು, ಅಂಡಾಣು ಬಿಡುಗಡೆಯಾಗಲು ಅಷ್ಟು ಸಾಕು. ಆಗ ಹಿಂದಿನ ದಿನಗಳಲ್ಲಿ ಸಂಪರ್ಕವಾಗಿದ್ದರೆ ತುರ್ತು ಮಾತ್ರೆಯೂ ಬೇಕು. ಕೊನೆಯ ಬಿಳಿ ವಾರದಲ್ಲಿ ಎರಡು ತಪ್ಪಿದರೆ ಬಿಳಿಯದನ್ನು ಮುಗಿಸಿ, ಕಂದು ಮುಟ್ಟದೆ ಮರುದಿನವೇ ಹೊಸ ಸ್ಟ್ರಿಪ್ ಶುರು ಮಾಡಿ. ಆ ತಿಂಗಳು ಮುಟ್ಟು ಬಾರದಿದ್ದರೆ ಗಾಬರಿ ಬೇಡ, ಹಾರ್ಮೋನ್ ನಿಲ್ಲಲಿಲ್ಲ, ಅದಕ್ಕೆ. ಒಂದೇ ಒಂದು ಮಾತ್ರೆ ಮರೆತಿದ್ದರೆ ನೆನಪಾದ ತಕ್ಷಣ ತಗೊಂಡರಾಯಿತು, ನಿರೋಧ್ ಕೂಡ ಬೇಕಿಲ್ಲ.

ಡಾಕ್ಸಿಸೈಕ್ಲಿನ್ ಮಾಲಾದ ಬಲ ಕುಗ್ಗಿಸುವುದಿಲ್ಲ. ಆ ಮಾತು ನಿಜವಾಗಿ ಹೊಂದುವುದು ಟಿಬಿಗೆ ಕೊಡುವ ರಿಫಾಂಪಿಸಿನ್‌ಗೆ. ಅದು ಯಕೃತ್ತಿನಲ್ಲಿ ಹಾರ್ಮೋನನ್ನು ಬೇಗ ಕರಗಿಸಿಬಿಡುತ್ತದೆ, ನಿಲ್ಲಿಸಿದ ಮೇಲೂ ನಾಲ್ಕು ವಾರ ಅದರ ಪ್ರಭಾವ ಇರುತ್ತದೆ. ನಿಮಗೆ ಇರುವ ತೊಂದರೆ ಬೇರೆ. ಡಾಕ್ಸಿಸೈಕ್ಲಿನ್ ಖಾಲಿ ಹೊಟ್ಟೆಗೆ ಬಿದ್ದರೆ ವಾಂತಿ ಬರಿಸುತ್ತದೆ. ಮಾಲಾ ನುಂಗಿ ಎರಡು–ಮೂರು ಗಂಟೆಯೊಳಗೆ ವಾಂತಿಯಾದರೆ ಆ ಮಾತ್ರೆ ಒಳಗೆ ಹೋಗಿಲ್ಲವೆಂದೇ ಲೆಕ್ಕ, ಇನ್ನೊಂದು ತಗೊಳ್ಳಿ. ಡಾಕ್ಸಿಯನ್ನು ಊಟವಾದ ಮೇಲೆ ಒಂದು ದೊಡ್ಡ ಲೋಟ ನೀರಿನ ಜೊತೆ ತಗೊಂಡು ಅರ್ಧ ಗಂಟೆ ಮಲಗಬೇಡಿ. ಡಾಕ್ಸಿ ತಗೊಳ್ಳುವ ದಿನ ಕಂದು ಮಾತ್ರೆಯ ಸರದಿ ಬಂದರೆ ಅದನ್ನು ಬಿಟ್ಟುಬಿಡಿ, ದಿನದ ಲೆಕ್ಕ ಮಾತ್ರ ತಪ್ಪಬಾರದು. ಕಬ್ಬಿಣ ಡಾಕ್ಸಿಯನ್ನು ಹೊಟ್ಟೆಯಲ್ಲೇ ಹಿಡಿದಿಟ್ಟುಕೊಂಡು ರಕ್ತಕ್ಕೆ ಸೇರಲು ಬಿಡುವುದಿಲ್ಲ. ಗರ್ಭದ ಅನುಮಾನವಿದ್ದರೆ ಡಾಕ್ಸಿ ಮುಟ್ಟುವ ಮೊದಲು ವೈದ್ಯರಿಗೆ ಹೇಳಿ.

ಪ್ರಶ್ನೆ (ತೀರ್ಥಹಳ್ಳಿ): ಅಕ್ಕಾ, ನನಗೆ ಆಶಾದವರು ಛಾಯಾ ಮಾತ್ರೆ ಕೊಟ್ಟಿದ್ದು. ಮಗುಗೆ ಐದು ತಿಂಗಳು, ಹಾಲು ಕುಡೀತಿದೆ. ವಾರಕ್ಕೊಂದು ಸಾಕು ಅಂದ್ರು. ಮೊನ್ನೆ ಮರೆತೆ.

ಉತ್ತರ: ಹಾಲುಣಿಸುವ ತಾಯಿಗೆ ಛಾಯಾ ಒಳ್ಳೆಯ ಆಯ್ಕೆ, ಅದರಲ್ಲಿ ಹಾರ್ಮೋನ್ ಇಲ್ಲ. ಮಗುವಿಗೆ ಆರು ತಿಂಗಳು ತುಂಬುವವರೆಗೆ ಮಾಲಾ ಬೇಡ. ಆದರೆ "ವಾರಕ್ಕೊಂದು" ಅನ್ನುವುದು ಮಾತ್ರೆ ಶುರು ಮಾಡಿ ಮೂರು ತಿಂಗಳು ಕಳೆದ ಮೇಲಿನ ಮಾತು. ಮೊದಲ ಮೂರು ತಿಂಗಳು ವಾರಕ್ಕೆ ಎರಡು: ಮೊದಲನೆಯದು ಭಾನುವಾರ ಆದರೆ ಎರಡನೆಯದು ಬುಧವಾರ, ಪ್ರತಿ ವಾರ ಅವೇ ಎರಡು ದಿನ. ನಾಲ್ಕನೇ ತಿಂಗಳಿಂದ ಭಾನುವಾರ ಮಾತ್ರ. ಈ ಜಾಗದಲ್ಲೇ ಹೆಚ್ಚು ಜನ ಎಡವುವುದು, ದಯವಿಟ್ಟು ಕ್ಯಾಲೆಂಡರ್ ಮೇಲೆ ಗುರುತು ಹಾಕಿ. ಮರೆತು ಏಳು ದಿನದೊಳಗಿದ್ದರೆ ಈಗಲೇ ತಗೊಂಡು ಮುಂದೆ ಎಂದಿನ ದಿನಗಳಲ್ಲೇ ಮುಂದುವರಿಸಿ, ಮುಂದಿನ ಮುಟ್ಟಿನವರೆಗೆ ನಿರೋಧ್ ಇರಲಿ. ಏಳು ದಿನ ದಾಟಿದ್ದರೆ ಮತ್ತೆ ಮೊದಲಿಂದ, ವಾರಕ್ಕೆರಡರ ಲೆಕ್ಕದಲ್ಲಿ.

ಛಾಯಾದಲ್ಲಿ ಮುಟ್ಟು ತಡವಾಗುವುದುಂಟು. 15 ದಿನಕ್ಕಿಂತ ಹೆಚ್ಚು ತಡವಾದರೆ ಮೂತ್ರ ಪರೀಕ್ಷೆ ಮಾಡಿಕೊಳ್ಳಿ.

ಪ್ರಶ್ನೆ (ಸಾಗರ): ಮೇಡಂ, ಹೆಂಡತಿ ಫಿಟ್ಸ್‌ಗೆ ಫೆನಿಟಾಯಿನ್ ತಗೊಳ್ತಾಳೆ. ಭಾನುವಾರ ರಾತ್ರಿ ನಿರೋಧ್ ಹರಿದುಹೋಯ್ತು. ಮಂಗಳವಾರ ಬೆಳಿಗ್ಗೆ 72 ಗಂಟೆ ಮಾತ್ರೆ ಕೊಡಿಸಿದೆ. ಇವತ್ತು ಬುಧವಾರ. ಏನೂ ತೊಂದರೆ ಇಲ್ಲ ತಾನೆ?

ಉತ್ತರ: ಸರ್, ಇದನ್ನು ಇವತ್ತೇ ಗಂಭೀರವಾಗಿ ತಗೊಳ್ಳಿ. ಫೆನಿಟಾಯಿನ್, ಕಾರ್ಬಮಜೆಪಿನ್ ಎರಡೂ ರಿಫಾಂಪಿಸಿನ್ ತರಹವೇ ಆ ಮಾತ್ರೆಯನ್ನು ಬೇಗ ಕರಗಿಸುತ್ತವೆ. 1.5 ಮಿ.ಗ್ರಾಂ.ನ ಒಂದು ಮಾತ್ರೆ ಅವರಿಗೆ ಸಾಲದು. ನಂಬಬಹುದಾದ ದಾರಿ ಗರ್ಭಕೋಶದೊಳಗೆ ಇಡುವ ಕಾಪರ್-ಟಿ, ಅದಕ್ಕೆ ಯಾವ ಔಷಧಿಯೂ ಅಡ್ಡ ಬರುವುದಿಲ್ಲ. ಸಂಪರ್ಕವಾದ ಐದು ದಿನದೊಳಗೆ ಹಾಕಿಸಬೇಕು, ಅಂದರೆ ನಿಮಗೆ ಶುಕ್ರವಾರ ರಾತ್ರಿವರೆಗೆ ಸಮಯವಿದೆ. ಗುರುವಾರ ಬೆಳಿಗ್ಗೆಯೇ ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಅಲ್ಲಿ ಆಗದಿದ್ದರೆ ಶಿವಮೊಗ್ಗದ ಮೆಗ್ಗಾನ್. ಫಿಟ್ಸ್ ಮಾತ್ರೆಯ ಚೀಟಿ ಜೊತೆಗಿರಲಿ. ಫೆನಿಟಾಯಿನ್ ಮಾತ್ರ ಒಂದು ಹೊತ್ತೂ ನಿಲ್ಲಿಸಬೇಡಿ.

ಸೇರಿಸುತ್ತೇನೆ (ನರ್ಸಿಂಗ್ ಆಫೀಸರ್): ಕಾಪರ್-ಟಿ 380ಎ ಹತ್ತು ವರ್ಷ ಕೆಲಸ ಮಾಡುತ್ತದೆ, ಬೇಡವೆನಿಸಿದ ದಿನ ತೆಗೆಸಬಹುದು. ಮೊದಲ ಕೆಲವು ತಿಂಗಳು ಸ್ರಾವ, ನೋವು ಸ್ವಲ್ಪ ಹೆಚ್ಚು. ಹಾಕಿಸಲು ಆಗದೇ ಹೋದರೆ ಸಂಪರ್ಕವಾದ ಮೂರು ವಾರಕ್ಕೆ ಮೂತ್ರ ಪರೀಕ್ಷೆ ತಪ್ಪಿಸಬೇಡಿ. ನೆಗೆಟಿವ್ ಬಂದರೆ ಆಗ ಅದು ನಂಬಿಕೆಗೆ ಅರ್ಹ, ಒಂದು ವಾರಕ್ಕೇ ಮಾಡಿದರೆ ಅಲ್ಲ.

ಪ್ರಶ್ನೆ (ಸಾಗರ): ಮಾರಿಜಾತ್ರೆಗೆ ಅಂತ ಮುಟ್ಟು ಮುಂದೂಡೋ ಮಾತ್ರೆ ತಗೊಳ್ತಿದ್ರೆ ಆ ದಿನಗಳಲ್ಲಿ ಬೇರೆ ಏನೂ ಬೇಡ್ವಲ್ಲ?

ಉತ್ತರ: ಬೇಕು. ನಾರೆಥಿಸ್ಟೆರೋನ್ 5 ಮಿ.ಗ್ರಾಂ. ದಿನಕ್ಕೆ ಮೂರು ಸಲ, ಮುಟ್ಟಿನ ದಿನಕ್ಕೆ ಮೂರು ದಿನ ಮೊದಲೇ ಶುರು ಮಾಡುವ ಮಾತ್ರೆ ಅದು. ಅದನ್ನು ಗರ್ಭ ತಡೆಯುತ್ತದೆಂದು ನಂಬಬೇಡಿ. ನಿಲ್ಲಿಸಿದ ಎರಡು–ಮೂರು ದಿನಕ್ಕೆ ಮುಟ್ಟು ಬರುತ್ತದೆ, ಬಾರದಿದ್ದರೆ ಪರೀಕ್ಷೆ. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದವರು, ಕಣ್ಣೆದುರು ಮಿಂಚು ಬಂದು ಅರೆತಲೆನೋವು ಬರುವವರು ವೈದ್ಯರ ಚೀಟಿಯಿಲ್ಲದೆ ಕೇಳಲೇಬಾರದು. ನೆರೆಮನೆಯವರ ಸ್ಟ್ರಿಪ್‌ನಿಂದ ನಾಲ್ಕು ಮಾತ್ರೆ ಕತ್ತರಿಸಿ ತರುವುದಂತೂ ಬೇಡವೇ ಬೇಡ.

ಪ್ರಶ್ನೆ (ಭದ್ರಾವತಿ): ನಿರೋಧ್ ಪದೇ ಪದೇ ಹರಿಯುತ್ತೆ. ಕಂಪನಿ ಬದಲಾಯಿಸಬೇಕಾ?

ಉತ್ತರ: ಮೊದಲು ಜೊತೆಗೆ ಏನು ಹಚ್ಚುತ್ತೀರಿ ಹೇಳಿ. ತೆಂಗಿನೆಣ್ಣೆ, ವ್ಯಾಸಲೀನ್, ಬೆಣ್ಣೆ, ಯಾವುದೇ ಎಣ್ಣೆ ಜಿಡ್ಡು ಲೇಟೆಕ್ಸ್ ರಬ್ಬರನ್ನು ಕೆಲವೇ ನಿಮಿಷದಲ್ಲಿ ಸಡಿಲಗೊಳಿಸುತ್ತದೆ. ನೀರಿನ ಜೆಲ್ ಕೇಳಿ ತಗೊಳ್ಳಿ. ಯೋನಿಯೊಳಗೆ ಇಡುವ ಕೆಲವು ಫಂಗಸ್ ಮಾತ್ರೆ, ಕ್ರೀಮುಗಳೂ ಇದೇ ಹಾನಿ ಮಾಡುತ್ತವೆ. ಪರ್ಸಿನಲ್ಲಿ, ಬೈಕಿನ ಡಿಕ್ಕಿಯಲ್ಲಿ ಇಟ್ಟದ್ದೂ ಬೇಡ. ಪೊಟ್ಟಣವನ್ನು ಬೆರಳಿಂದ ಒತ್ತಿ ನೋಡಿ: ಒಳಗಿನ ಗಾಳಿ ಬೆರಳಿಗೆ ಪುಟಿಯಬೇಕು. ಚಪ್ಪಟೆಯಾಗಿದ್ದರೆ ಎಲ್ಲೋ ತೂತಾಗಿದೆ, ಎಸೆಯಿರಿ.