ಪದ ಬೇಕು (ತುರ್ತು): ಅಂಬಾಸಡರ್ ಕೈಪಿಡಿಗೆ ‘ಕ್ಲಿಯರೆನ್ಸ್’, ‘ಗ್ಯಾಪ್’, ‘ಪ್ಲೇ’

ಕರಡು ತಿದ್ದುವವ:

ಹಳೆಯ ಅಂಬಾಸಡರ್ (1489 ಸಿಸಿ ಪೆಟ್ರೋಲ್ ಎಂಜಿನ್) ಇಟ್ಟುಕೊಂಡವರಿಗಾಗಿ ಎರಡು ಪುಟದ ಕೈಪಿಡಿಯೊಂದು ಕನ್ನಡಕ್ಕೆ ಬರುತ್ತಿದೆ. ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ತೊಡಕಿರುವುದು ಈ ಮೂರು ಸಾಲುಗಳಲ್ಲಿ:

ಟ್ಯಾಪೆಟ್ ಕ್ಲಿಯರೆನ್ಸ್ 0.015 ಇಂಚು.
ಪಾಯಿಂಟ್ ಗ್ಯಾಪ್ 0.014ರಿಂದ 0.016 ಇಂಚು.
ಕಿಂಗ್ ಪಿನ್ ಪ್ಲೇ ಇದ್ದರೆ ಸರಿಪಡಿಸಿ.

(ಟ್ಯಾಪೆಟ್ ಎಂದರೆ ಎಂಜಿನ್ನಿನ ವಾಲ್ವ್ ತೆರೆಯುವ ಭಾಗ, ಪಾಯಿಂಟ್ ಎಂದರೆ ಕಿಡಿ ಹುಟ್ಟಿಸಲು ಕೂಡಿ ಅಗಲುವ ಎರಡು ತುದಿ, ಕಿಂಗ್ ಪಿನ್ ಎಂದರೆ ಮುಂದಿನ ಗಾಲಿ ಅತ್ತಿತ್ತ ಹೊರಳುವ ಗೂಟ.) ಕರಡಿನಲ್ಲಿ ಮೂರಕ್ಕೂ ‘ಸಡಿಲ’ ಎಂದಿದೆ. ‘ಟ್ಯಾಪೆಟ್ ಸಡಿಲ ಇಷ್ಟಿರಬೇಕು’ ಅನ್ನುವುದು ಕಿವಿಗೆ ಒಗ್ಗುತ್ತಿಲ್ಲ. ‘ಅಂತರ’ ಮಾಡಿದರೆ ನಡೆದೀತೇ? ಮೂರಕ್ಕೂ ಒಂದೇ ಪದ ಸಾಕೇ?

ಐಟಿಐ ಮೇಷ್ಟ್ರು:

‘ಸಡಿಲ’ ಬೇಡವೇ ಬೇಡ. ಸಡಿಲ ಅಂತ ಓದಿದವನ ಕೈ ತಾನಾಗಿ ಪಾನಾ ಹುಡುಕುತ್ತೆ. ಟ್ಯಾಪೆಟ್ ಬಿಗಿ ಮಾಡಿಬಿಟ್ಟರೆ ಆಗೋದೇನು? ಎಂಜಿನ್ ಕಾದಾಗ ವಾಲ್ವ್ ಉದ್ದವಾಗುತ್ತೆ. ಹಿಗ್ಗೋಕೆ ಜಾಗ ಬಿಟ್ಟಿರದಿದ್ದರೆ ಅದು ಸೀಟಿನ (ಮುಚ್ಚಿಕೊಂಡಾಗ ವಾಲ್ವ್ ಕೂರುವ ಅಂಚಿನ) ಮೇಲೆ ಪೂರ್ತಿ ಕೂರೋದಿಲ್ಲ. ಎಕ್ಸಾಸ್ಟ್ ವಾಲ್ವ್ (ಹೊಗೆ ಹೊರಬಿಡೋದು) ತನ್ನ ಬಿಸಿಯನ್ನ ಹೆಚ್ಚಾಗಿ ದಾಟಿಸೋದೇ ಸೀಟಿಗೆ. ಕೂರದಿದ್ದರೆ ಅಂಚು ಸುಟ್ಟು ಕಂಪ್ರೆಷನ್ ಹೋಗುತ್ತೆ, ಆಮೇಲೆ ಹೆಡ್ ಇಳಿಸದೆ ದಾರಿಯಿಲ್ಲ. ಸಂದು ಹೆಚ್ಚಾದರೆ ಟಕಟಕ ಸದ್ದು ಬರುತ್ತೆ, ವಾಲ್ವ್ ಏಳೋದು ಕಡಿಮೆಯಾಗಿ ಎಳೆತ ತುಸು ಇಳಿಯುತ್ತೆ. ಅಂದರೆ ಬಿಗಿಯ ತಪ್ಪು ಸಡಿಲದ ತಪ್ಪಿಗಿಂತ ದುಬಾರಿ. ನಿಮ್ಮ ಕರಡು ಓದುಗರನ್ನ ಆ ದುಬಾರಿ ತಪ್ಪಿನ ಕಡೆಗೇ ತಳ್ಳುತ್ತೆ.

ಎರಡು ಪದ ಬೇಕು. ಒಂದು, ನಾವು ಬೇಕಂತಲೇ ಬಿಟ್ಟದ್ದಕ್ಕೆ: ಟ್ಯಾಪೆಟ್, ಪಾಯಿಂಟ್, ಪ್ಲಗ್. ಇನ್ನೊಂದು, ಸವೆದು ತಾನಾಗಿ ಬಂದದ್ದಕ್ಕೆ: ಕಿಂಗ್ ಪಿನ್, ಬೇರಿಂಗ್, ಟೈ ರಾಡ್ (ಸ್ಟೀರಿಂಗ್ ರಾಡ್) ತುದಿ. ಮೊದಲನೆಯದಕ್ಕೆ ‘ಸಂದು’ ಹಾಕಿ.

ಕ್ರಮವನ್ನೂ ಬರೆಯಿರಿ, ಪದದಷ್ಟೇ ಅದೂ ಮುಖ್ಯ. ಎಂಟು ವಾಲ್ವ್‌ಗಳಿಗೆ ಮುಂದಿನಿಂದ ಎಣಿಸಿ 1ರಿಂದ 8. ಎಂಟನೆಯದು ಪೂರ್ತಿ ಒತ್ತಿಕೊಂಡು ತೆರೆದಿರುವಾಗ ಒಂದನೆಯದನ್ನ ಹೊಂದಿಸಿ. ಆರು ತೆರೆದಾಗ ಮೂರು, ನಾಲ್ಕು ತೆರೆದಾಗ ಐದು. ಕೂಡಿದರೆ ಯಾವಾಗಲೂ 9 ಬರಬೇಕು. ಲಾಕ್ ನಟ್ ಬಿಗಿ ಮಾಡುವಾಗ ಸ್ಕ್ರೂ ಜೊತೆಗೇ ತಿರುಗುತ್ತೆ, ಹಾಗಾಗಿ ಬಿಗಿ ಮಾಡಿದ ಮೇಲೆ ಫೀಲರ್ ಗೇಜ್ (ಸಂದು ಅಳೆಯೋ ತೆಳು ಪಟ್ಟಿ) ಇನ್ನೊಮ್ಮೆ ಹಾಕಬೇಕು.

ಅಚ್ಚನುಡಿ:

‘ಅಂತರ’ ನೇರ ಸಂಸ್ಕ್ರುತ. ‘ಸಂದು’ ಸಂಸ್ಕ್ರುತದ ಸಂದಿಯಿಂದ ಇಳಿದದ್ದು. ಕನ್ನಡದ್ದೇ ಆದ ‘ಎಡೆ’ ಇರುವಾಗ ಎರವಲು ಯಾಕೆ? ತಮಿಳಿನ ‘ಇಡಯ್’ ಇದರ ಒಡಹುಟ್ಟು. ಟ್ಯಾಪೆಟ್ ಎಡೆ, ಪಾಯಿಂಟ್ ಎಡೆ. ‘ವಾಲ್ವ್’ಗೆ ‘ಕದ’ ಸಾಕು.

ವ್ಯಾಕರಣಪ್ರಿಯ:

‘ಕದ’ದ ಬಗ್ಗೆ ಅಷ್ಟು ಧೈರ್ಯ ಬೇಡ. ಕವಾಟದ ತದ್ಭವ ಎಂದು ಹೇಳಿಕೊಂಡು ಬಂದವರೂ ಇದ್ದಾರೆ. ಹೃದಯದ ಪಾಠದಲ್ಲಿ ಮಕ್ಕಳು ‘ಕವಾಟ’ ಓದುತ್ತಲೇ ಇದ್ದಾರೆ. ಅದನ್ನೇ ಎಂಜಿನ್ನಿಗೂ ಬಳಸಿದರೆ ಆಯಿತು: ‘ನಿಷ್ಕಾಸ ಕವಾಟ’.

ಅಚ್ಚನುಡಿ:

ತಮಿಳಿನಲ್ಲಿ ‘ಕದವು’ ಇದೆ. ನೋಡಿ.

ಹುಬ್ಬಳ್ಳಿ ಕಡೆಯವ:

ಟ್ಯಾಪೆಟ್‌ಗೆ ಎಡಿ ಹಿಡೀಬೇಕಂದ್ರ ಹೋಳಿಗಿನೂ ಮಾಡಿಸಬೇಕೇನ್ರಿ? ನಮ್ಮ ಕಡೆ ಎಡಿ ಅಂದ್ರ ದೇವರ ಮುಂದ ಇಡೂದು. ‘0.015 ಇಂಚು ಎಡಿ’ ಅಂತ ಅಚ್ಚಾತು ಅಂದ್ರ ಗ್ಯಾರೇಜಿನ್ಯಾಗ ವರ್ಷಾನುಗಟ್ಲೆ ನಗ್ತಾರ. ‘ನಿಷ್ಕಾಸ ಕವಾಟ’ಕ್ಕ ನಗಾಂಗಿಲ್ಲ ಬಿಡ್ರಿ, ಅದು ಯಾರಿಗೂ ತಿಳಿಯಾಂಗೇ ಇಲ್ಲ.

ಪ್ಲೇಕ್ಕ ಪದ ಎದಕ್ಕ ಹುಡುಕ್ತೀರಿ? ‘ಗಾಲಿ ಆಡ್ತೈತಿ’ ಅಂತೀವಲ್ಲ. ‘ಆಟ’ ಅನ್ರಿ. ಕಿಂಗ್ ಪಿನ್ ಆಟ. ನೋಡೂದು ಹೆಂಗಂತನೂ ಬರೀರಿ: ಹಿಂದಿನ ಗಾಲಿಗೆ ಕಲ್ಲು ಕೊಟ್ಟು ಮುಂದಿನ ಗಾಲಿ ಜಾಕ್ ಮ್ಯಾಲೆ ಎತ್ತಿ, ಕೆಳಗ ಸ್ಟ್ಯಾಂಡ್ ಇಡಬೇಕು. ಗಡಿಯಾರದಾಗ 12 ಮತ್ತ 6 ಇರೋ ಕಡೆ ಹಿಡದು ಒಳಗ ಹೊರಗ ಅಲುಗಿಸಬೇಕು. ಆಡಿದ್ರ ಇನ್ನೊಬ್ಬರಿಗೆ ಬ್ರೇಕ್ ತುಳೀಲಿಕ್ಕೆ ಹೇಳಿ ಮತ್ತ ಅಲುಗಿಸ್ರಿ. ಬ್ರೇಕ್ ತುಳದಾಗ ಆಟ ನಿಂತ್ರ ಅದು ವೀಲ್ ಬೇರಿಂಗ್ ಆಟ. ನಿಲ್ಲಲಿಲ್ಲಂದ್ರ ಕಿಂಗ್ ಪಿನ್ ಸವದೈತಿ. 9 ಮತ್ತ 3ರ ಕಡೆ ಹಿಡದಾಗ ಅಷ್ಟ ಆಡಿದ್ರ ಸ್ಟೀರಿಂಗ್ ರಾಡ್‌ಗಳ ತುದಿ ನೋಡ್ರಿ. ಇದನ್ನ ಬಿಟ್ಟು ಬರೇ ‘ಸರಿಪಡಿಸಿ’ ಅಂದ್ರ ಮಂದಿ ಬೇರಿಂಗ್ ನಟ್ಟು ಬಿಗೀತಾರ, ಬೇರಿಂಗ್ ಕಾದು ಹಾಳಾಗ್ತೈತಿ, ಕಿಂಗ್ ಪಿನ್ ಮಾತ್ರ ಹಂಗ ಆಡ್ತಿರತೈತಿ.

ವ್ಯಾಕರಣಪ್ರಿಯ:

ಪರೀಕ್ಷೆಯ ಕ್ರಮ ಸರಿ, ಪದ ಸರಿಯಲ್ಲ. ‘ಆಟ’ ಇಂಗ್ಲಿಷಿನ ಪಡಿಯಚ್ಚು. ಯಂತ್ರದ ಭಾಗ ಆಟವಾಡುತ್ತದೆ ಎಂಬ ಕಲ್ಪನೆಯೇ ಕನ್ನಡದ್ದಲ್ಲ.

ಅಚ್ಚನುಡಿ:

ತಪ್ಪು. ಆಡು ಅಂದರೆ ಅತ್ತಿತ್ತ ಅಲುಗು ಅನ್ನುವುದು ಕನ್ನಡದ ಹಳೆಯ ಹುರುಳೇ. ಓಲಾಡು, ತೂಗಾಡು, ಅಲುಗಾಡು, ನಡೆದಾಡು. ‘ಕಿಟಕಿ ತೆಗೆ, ಗಾಳಿಯಾಡಲಿ’ ಅನ್ನುವಾಗ ಯಾವ ಇಂಗ್ಲಿಶಿನ ಪಡಿಯಚ್ಚು? ಉಸಿರಾಟ ಯಾವ ಆಟ? ಇದೊಂದು ವಿಶಯದಲ್ಲಿ ಹುಬ್ಬಳ್ಳಿಯವರ ಮಾತನ್ನು ಒಪ್ಪುತ್ತೇನೆ.

ಹಾಗೆಯೇ ಕೈಪಿಡಿಯಲ್ಲಿರುವ ‘ಗ್ರೀಸ್’ ತೆಗೆದು ‘ಕೀಲೆಣ್ಣೆ’ ಹಾಕಿ. ಗಾಡಿಯ ಅಚ್ಚಿಗೆ ಹಾಕುತ್ತಿದ್ದುದು ಅದನ್ನೇ. ಕೀಲಿಗೆ ಹಾಕುವ ಎಣ್ಣೆ ಕೀಲೆಣ್ಣೆ.

ವ್ಯಾಕರಣಪ್ರಿಯ:

‘ಕೀಲ’ ಸಂಸ್ಕೃತ. ನಿಮ್ಮ ನಿಯಮದ ಪ್ರಕಾರವೇ ಅದೂ ಹೊರಗೆ ಹೋಗಬೇಕು.

ಅಚ್ಚನುಡಿ:

ತಮಿಳಿನಲ್ಲಿ ‘ಕೀಲ್’ ಅಂದರೆ ಟಾರು. ಕೀಲೆಣ್ಣೆಯ ‘ಕೀಲು’ ಅದೇ ಯಾಕಾಗಿರಬಾರದು? ಕಪ್ಪಗೆ, ಅಂಟಂಟಾಗಿ ಇರುವ ಎಣ್ಣೆ.

ವ್ಯಾಕರಣಪ್ರಿಯ:

ಮೇಲೆ ‘ಕೀಲಿಗೆ ಹಾಕುವ ಎಣ್ಣೆ’ ಎಂದವರು ತಾವೇ. ಒಂದು ವ್ಯುತ್ಪತ್ತಿಯನ್ನು ಆರಿಸಿಕೊಳ್ಳಿ ಸ್ವಾಮಿ.

ಅಚ್ಚನುಡಿ:

ಕಿಟೆಲ್ ತೆಗೆದು ನೋಡಿ, ಆಮೇಲೆ ಮಾತಾಡೋಣ.

ಐಟಿಐ ಮೇಷ್ಟ್ರು:

ಕಿಟೆಲ್ ನಿಘಂಟು ಅಚ್ಚಾದದ್ದು 1894ರಲ್ಲಿ. ಗ್ರೀಸ್ ಗನ್ ಹಿಡಿಯೋದು ಹೇಗೆ ಅಂತ ಅದರಲ್ಲಿ ಇಲ್ಲ. ‘ಕೀಲೆಣ್ಣೆ’ ಅಂತ ಅಚ್ಚಾದರೆ ಯಾರಾದರೂ ಎಣ್ಣೆ ಡಬ್ಬಿ ತಂದು ಹೊಯ್ದಾರು. ಎಣ್ಣೆ ಹರಿದು ಹೋಗುತ್ತೆ, ಗ್ರೀಸ್ ನಿಲ್ಲುತ್ತೆ, ನಿಪ್ಪಲ್ (ಗ್ರೀಸ್ ಒತ್ತೋ ಮೂತಿ) ಇಟ್ಟಿರೋದು ಅದಕ್ಕೇ. ಇಲ್ಲಿ ‘ಗ್ರೀಸ್’ ಇರಲಿ. ಗಾಲಿ ನೆಲದಿಂದ ಎದ್ದಿರುವಾಗಲೇ ಗನ್ ಒತ್ತಬೇಕು, ಭಾರ ಬಿದ್ದಿದ್ದರೆ ಗ್ರೀಸ್ ಎಲ್ಲ ಕಡೆಗೂ ಹೋಗೋದಿಲ್ಲ. ಹಳೆ ಕಪ್ಪು ಗ್ರೀಸ್ ಹೊರಗೆ ಬಂದು ಹೊಸದು ಕಾಣೋವರೆಗೂ ಒತ್ತಿ. ನಿಪ್ಪಲ್ ಕಟ್ಟಿಕೊಂಡಿದ್ದರೆ ಮೇಲ್ಮೇಲೆ ಒರೆಸಿ ಬಿಡಬೇಡಿ, ಬದಲಾಯಿಸಿ.

ಎರವಲಿನ ಬಗ್ಗೆ ಇಷ್ಟು ಕೂಗಾಡೋರು ಹಿಂದಿನ ‘ಕಮಾನು’ ಪಟ್ಟಿಗೆ ಏನು ಮಾಡ್ತೀರಿ? ಕಮಾನು ಪಾರಸಿ. ಅದನ್ನ ತೆಗೆದು ‘ಬಿಲ್ಲು’ ಅಂದರೆ ಯಾವ ಅಂಗಡಿಯವನೂ ಕೊಡೋದಿಲ್ಲ, ಕೊಟ್ಟರೂ ರಸೀದಿ ಕೊಟ್ಟಾನು. ತಿರುಪು, ತಿರುಪುಳಿ, ಇಕ್ಕಳ ನಮ್ಮವು, ಬಳಕೆಯಲ್ಲೂ ಇವೆ, ಧಾರಾಳವಾಗಿ ಬರೆಯಿರಿ. ಇಲ್ಲದ ಕಡೆ ಹೊಸದು ಹೊಸೆಯೋಕೆ ನಾಳೆ ಅಚ್ಚಾಗುವ ಕೈಪಿಡಿ ಜಾಗ ಅಲ್ಲ.

ಪಾಯಿಂಟ್ ವಿಚಾರ ಯಾರೂ ಎತ್ತಲಿಲ್ಲ. ‘ಪಾಯಿಂಟ್ ಸಂದು’ ಅಂತಲೇ ಬರೆಯಿರಿ, ಆದರೆ ಅಳೆಯೋದು ಯಾವಾಗ ಅಂತ ಹೇಳದಿದ್ದರೆ ಸಂಖ್ಯೆಗೆ ಅರ್ಥವಿಲ್ಲ. ಕ್ಯಾಮ್‌ನ ಉಬ್ಬು ಪಾಯಿಂಟನ್ನ ಪೂರ್ತಿ ಅಗಲಿಸಿರುವಾಗ ಅಳೆಯಬೇಕು. ಕ್ಯಾಮ್‌ಗೆ ಉಜ್ಜುವ ಫೈಬರ್ ತುಂಡು ಸವೆದ ಹಾಗೆ ಈ ಸಂದು ಕಿರಿದಾಗುತ್ತೆ, ಕಿಡಿ ತಡವಾಗಿ ಬೀಳುತ್ತೆ, ಗಾಡಿ ಎಳೆಯೋದಿಲ್ಲ. ಗಮನಿಸಿ, ಇಲ್ಲಿ ಸವೆತದಿಂದ ಸಂದು ಹೆಚ್ಚಲ್ಲ, ಕಡಿಮೆ. ಎಲ್ಲಕ್ಕೂ ‘ಸಡಿಲ’ ಅಂದುಬಿಟ್ಟರೆ ಈ ವ್ಯತ್ಯಾಸ ಕಾಣೋದೇ ಇಲ್ಲ. ಒಂದು ಪಾಯಿಂಟಿನ ಮೇಲೆ ಮೊಳಕೆ, ಇನ್ನೊಂದರಲ್ಲಿ ಗುಳಿ ಬಿದ್ದಿದ್ದರೆ ಫೀಲರ್ ಗೇಜ್ ಸುಳ್ಳು ಹೇಳುತ್ತೆ: ಪಟ್ಟಿ ಮೊಳಕೆಯ ತುದಿಗೆ ತಾಗುತ್ತೆ, ನಿಜವಾದ ಸಂದು ಇನ್ನೂ ದೊಡ್ಡದಿರುತ್ತೆ. ವಾಲ್ವ್ ಒತ್ತುವ ಸವೆದ ರಾಕರ್‌ನಲ್ಲೂ ಇದೇ ಕಥೆ, 0.015 ಅಂತ ತೋರಿಸಿದರೂ ಟಕಟಕ ನಿಲ್ಲೋದಿಲ್ಲ. ಪಾಯಿಂಟ್ ಬೇಗ ಬೇಗ ಸುಡ್ತಾ ಇದ್ದರೆ ಮೊದಲು ಕಂಡೆನ್ಸರ್ ಬದಲಾಯಿಸಿ ನೋಡಿ.

ಹುಬ್ಬಳ್ಳಿ ಕಡೆಯವ:

‘ಮೊಳಕಿ’ ಛಲೋ ಐತ್ರಿ. ಅದನ್ನ ಯಾರೂ ನಿಘಂಟಿನ್ಯಾಗ ಹುಡುಕಬ್ಯಾಡ್ರಿ.

ಅಚ್ಚನುಡಿ:

ಎಡೆ ಅಂದರೆ ಬರೀ ನಯ್ವೇದ್ಯ ಅಂದುಕೊಂಡವರಿಗೆ: ‘ಎಡೆಬಿಡದೆ ಮಳೆ’ ಅನ್ನುತ್ತೀರಲ್ಲ, ಅಲ್ಲಿ ಯಾವ ಹೋಳಿಗೆ? ಇಶ್ಟೇ ಹೇಳುವುದು.

ಕರಡು ತಿದ್ದುವವ:

ಎಲ್ಲರಿಗೂ ನಮಸ್ಕಾರ. ಅಚ್ಚಿಗೆ ಹೋಗುತ್ತಿರುವ ಸಾಲುಗಳು ಹೀಗಿವೆ:

‘ಟ್ಯಾಪೆಟ್ ಸಂದು: 0.015 ಇಂಚು (0.38 ಮಿ.ಮೀ.). ಇದು ಬಿಟ್ಟಿರಲೇಬೇಕಾದ ಸಂದು, ಪೂರ್ತಿ ಬಿಗಿ ಮಾಡಬಾರದು.’

‘ಪಾಯಿಂಟ್ ಸಂದು: ಪೂರ್ತಿ ಅಗಲಿಸಿರುವಾಗ 0.014ರಿಂದ 0.016 ಇಂಚು (0.35ರಿಂದ 0.40 ಮಿ.ಮೀ.).’

‘ಕಿಂಗ್ ಪಿನ್ ಆಟ: ಬ್ರೇಕ್ ತುಳಿದಾಗಲೂ ಗಾಲಿ ಮೇಲೆ ಕೆಳಗೆ ಹಿಡಿದರೆ ಆಡುತ್ತಿದ್ದರೆ ಕಿಂಗ್ ಪಿನ್ ಬಿಚ್ಚಿ ನೋಡಬೇಕು.’

ವಾಲ್ವ್, ಗ್ರೀಸ್, ಕಂಡೆನ್ಸರ್ ಇದ್ದ ಹಾಗೇ ಇರುತ್ತವೆ. ಇಂಚು, ಮಿ.ಮೀ. ಎರಡನ್ನೂ ಕೊಟ್ಟಿದ್ದೇನೆ, ಫೀಲರ್ ಗೇಜ್ ಪಟ್ಟಿಗಳ ಮೇಲೆ ಯಾವುದು ಕೆತ್ತಿರುತ್ತದೋ ಅದನ್ನು ನೋಡಿಕೊಳ್ಳಲಿ ಎಂದು.

ವ್ಯಾಕರಣಪ್ರಿಯ:

‘ಆಟ’ಕ್ಕೆ ನನ್ನ ಆಕ್ಷೇಪ ಹಾಗೇ ಇದೆ.