ಚಂದ್ರನ ಕಲೆಗಳನ್ನ ಮಗುಗೆ ಮನೇಲೇ ಮಾಡಿ ತೋರ್ಸೋದು ಹೇಗೆ?

ಜಯನಗರದ ಅಮ್ಮ:
ಮಗಳು 6ನೇ ಕ್ಲಾಸು. ಭೂಮಿ ನೆರಳು ಬಿದ್ದು ಚಂದ್ರ ಕರಗ್ತಾನೆ ಅಂತ ಅವಳ ತಲೇಲಿ ಗಟ್ಟಿಯಾಗಿ ಕೂತ್ಬಿಟ್ಟಿದೆ, ಅಲ್ಲಮ್ಮ ಅಂತ ಪುಸ್ತಕದ ಚಿತ್ರ ತೋರ್ಸಿದ್ರೆ ಅದ್ರಲ್ಲಿ ಎಲ್ಲಾ ಚಂದ್ರನಿಗೂ ಅರ್ಧನೇ ಬೆಳಕಿದೆಯಲ್ಲ, ಹುಣ್ಣಿಮೆ ಎಲ್ಲಿಂದ ಬಂತು ಅಂತಾಳೆ. ಬೆಂಗಳೂರಲ್ಲಿ ಈ ವಾರ ಪೂರ್ತಿ ಮೋಡ ಬೇರೆ. ಮನೇಲೇ ಏನಾದ್ರೂ ಮಾಡ್ಬಹುದಾ?

ಮಲ್ಲೇಶ್ವರಂ ಮೇಷ್ಟ್ರು:
ಮಗು ಸರಿಯಾಗೇ ಕೇಳಿದೆ ಮೇಡಂ. ಚಂದ್ರನ ಅರ್ಧಭಾಗ ಯಾವಾಗ್ಲೂ ಬೆಳಕಲ್ಲೇ ಇರತ್ತೆ, ಅದ್ರಲ್ಲಿ ನಮ್ಗೆಷ್ಟು ಕಾಣತ್ತೆ ಅನ್ನೋದೇ ಬದಲಾಗೋದು. ಸ್ಟೇಷನರಿ ಅಂಗಡೀಲಿ ಥರ್ಮೋಕೋಲ್ ಚೆಂಡು ತಂದು ಪೆನ್ಸಿಲ್ ಚುಚ್ಚಿ, ರಾತ್ರಿ ರೂಮಲ್ಲಿ ಶೇಡ್ ಇಲ್ಲದ ಒಂದೇ ಬಲ್ಬ್ ಹಾಕಿ, ಅದು ಅವಳ ಮುಖದ ಎತ್ತರಕ್ಕಿರ್ಲಿ. ಬಿಳಿ ಗೋಡೆ ಹತ್ರ ನಿಲ್ಸಬೇಡಿ, ಗೋಡೆಯಿಂದ ಬೆಳಕು ವಾಪಸ್ ಬಂದು ಚೆಂಡಿನ ಕತ್ತಲೆ ಭಾಗನೂ ಬೆಳ್ಳಗಾಗತ್ತೆ. ಬಲ್ಬ್ ಸೂರ್ಯ, ಅವಳ ತಲೆ ಭೂಮಿ. ಕೈ ಚಾಚಿ ಚೆಂಡನ್ನ ತಲೆಗಿಂತ ಸ್ವಲ್ಪ ಮೇಲೆ ಹಿಡ್ಕೊಂಡು ಬಲ್ಬ್ ಕಡೆ ನಿಂತ್ರೆ ಅಮಾವಾಸ್ಯೆ, ನಿಧಾನಕ್ಕೆ ಎಡಕ್ಕೆ ತಿರುಗ್ತಾ ಹೋದ್ರೆ ಬಲಗಡೆ ಅಂಚಲ್ಲಿ ತೆಳ್ಳಗೆ ಒಂದು ಗೆರೆ ಹೊಳೆಯತ್ತೆ, ಅದೇ ಬಿದಿಗೆ ಚಂದ್ರ, ಕಾಲು ಸುತ್ತಿಗೆ ಬಲ ಅರ್ಧ ಪೂರ್ತಿ ಬೆಳಗಿ ಶುಕ್ಲ ಅಷ್ಟಮಿ, ಬಲ್ಬ್‌ಗೆ ಬೆನ್ನು ಹಾಕಿದಾಗ ಹುಣ್ಣಿಮೆ. ಹಂಗೇ ತಿರುಗಿದ್ರೆ ಕೃಷ್ಣಪಕ್ಷ, ಬೆಳಕು ಎಡಗಡೆ ಉಳಿಯತ್ತೆ. ನೀವು ನೋಡಿ ಹೇಳಬೇಡಿ, ತಿರುಗೋರಿಗೆ ಮಾತ್ರ ಅದು ಕಾಣೋದು.

ಜಯನಗರದ ಅಮ್ಮ:
ಮಾಡಿದ್ವಿ ಸರ್, ಚೆನ್ನಾಗಿ ಗೊತ್ತಾಯ್ತು ಅವಳಿಗೆ! ಹುಣ್ಣಿಮೆ ಜಾಗದಲ್ಲಿ ಕೈ ಇಳಿಸಿದಾಗ ಅವಳ ತಲೆ ನೆರಳೇ ಚೆಂಡಿನ ಮೇಲೆ ಬಿತ್ತು. ಹಂಗಾದ್ರೆ ಪ್ರತಿ ಹುಣ್ಣಿಮೆಗೂ ಗ್ರಹಣ ಆಗ್ಬೇಕಲ್ವಾ ಅಂತಿದಾಳೆ.

ಮಲ್ಲೇಶ್ವರಂ ಮೇಷ್ಟ್ರು:
ಚಂದ್ರನ ದಾರಿ ಸುಮಾರು 5 ಡಿಗ್ರಿ ವಾಲಿದೆ, ಅದಕ್ಕೇ ಬಹಳಷ್ಟು ಹುಣ್ಣಿಮೆಗಳಲ್ಲಿ ನೆರಳಿನ ಮೇಲೋ ಕೆಳಗೋ ದಾಟಿ ಹೋಗ್ತಾನೆ. ಭೂಮಿ ನೆರಳು ಸೂರ್ಯನ ಎದುರು ದಿಕ್ಕಿಗೇ ಬೀಳೋದು, ಅಷ್ಟಮಿ ದಿನ ಚಂದ್ರ ಆ ಕಡೆ ಇರೋದೇ ಇಲ್ಲ. ಇದನ್ನೂ ಚೆಂಡು ಹಿಡ್ಸೇ ಕೇಳಿ, ಅವಳೇ ಹೇಳ್ತಾಳೆ.

ಬಸವನಗುಡಿ ಟೆರೇಸ್:
ಮೋಡ ಸರಿದ್ಮೇಲೆ ಇನ್ನೊಂದು ಮಾಡಿ, ನನ್ನ ಕೇಳಿದ್ರೆ ಬಲ್ಬ್‌ಗಿಂತ ಇದೇ ಚೆಂದ. ಹುಣ್ಣಿಮೆ ಆಗಿ ಒಂದು ವಾರಕ್ಕೆ, ಬೆಳಿಗ್ಗೆ 7 ಗಂಟೆ ಹೊತ್ತಿಗೆ ಟೆರೇಸ್‌ಗೆ ಹೋದ್ರೆ ಬಿಸಿಲಲ್ಲೇ ಅರ್ಧ ಚಂದ್ರ ಮೇಲೆ ಕಾಣ್ತಾನೆ. ಅದೇ ಚೆಂಡನ್ನ ಬಿಸಿಲಲ್ಲಿ ಚಂದ್ರನ ಪಕ್ಕಕ್ಕೆ ಬರೋ ತರ ಎತ್ತಿ ಹಿಡೀರಿ, ಚಂದ್ರನಿಗೆ ಎಷ್ಟು ಬೆಳಕೋ ಚೆಂಡಿಗೂ ಅಷ್ಟೇ, ವಾಲಿರೋದೂ ಅದೇ ಕಡೆಗೆ. ಇಬ್ಬರಿಗೂ ಅದೇ ಸೂರ್ಯ ತಾನೇ. ಸೂರ್ಯನ್ನ ಮಾತ್ರ ನೇರ ನೋಡ್ಬಾರ್ದು ಅಂತ ಮೊದಲೇ ಹೇಳ್ಬಿಡಿ. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಸುಮಾರು 29.5 ದಿನ, ಚಂದ್ರ ಹುಟ್ಟೋದೂ ದಿನಾ ಹೆಚ್ಚುಕಮ್ಮಿ 50 ನಿಮಿಷ ಲೇಟು, ಅದಕ್ಕೆ ಕ್ಯಾಲೆಂಡರ್‌ನಲ್ಲಿ ತಿಥಿ ನೋಡ್ಕೊಂಡೇ ಟೈಮ್ ಇಟ್ಕೊಳ್ಳಿ, ಶುಕ್ಲ ಅಷ್ಟಮಿ ಆದ್ರೆ ಸಂಜೆ 5ಕ್ಕೆ ಹೋಗಿ.